ಬೆನ್ನಿನ ಬಣ್ಣ ಒಂದೇ, ಮನೆತನ ಬೇರೆ: ಉತ್ತರ ಕನ್ನಡದ ಮರಕುಟಿಗಗಳ ವಂಶಾವಳಿ

ಶಿರಸಿ ಕಡೆ ಅಡಿಕೆ ತೋಟ, ಸೊಪ್ಪಿನ ಬೆಟ್ಟ ಇರುವ ಯಾರನ್ನೇ ಕೇಳಿ, ಮರಕುಟಿಗ ಗೊತ್ತು ಅನ್ನುತ್ತಾರೆ. ಗೊತ್ತಿರುವುದೂ ನಿಜ. ಟೊಕ್ ಟೊಕ್ ಸದ್ದು ಕಿವಿಗೆ ಬಿದ್ದರೆ ಸಾಕು, ಕೆಲಸ ಬಿಡದೆ, ತಲೆ ಎತ್ತದೆ ಹೆಸರು ಹೇಳುತ್ತಾರೆ. ಆದರೆ ಯಾವ ಮರಕುಟಿಗ ಅಂತ ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಕಾರವಾರದ ತೆಂಗಿನ ತೋಟದಲ್ಲಿ ಓಡಾಡುವುದು, ಶಿರಸಿಯ ಕಾನಿನಲ್ಲಿ, ಅಂದರೆ ದಟ್ಟ ಹಸಿರು ಕಾಡಿನಲ್ಲಿ, ಕಾಣುವುದು, ಗಣೇಶಗುಡಿಯ ಎತ್ತರದ ಮರಗಳ ಮೇಲೆ ಕೂಗುವ ಕಾಗೆಗಿಂತ ದೊಡ್ಡ ಕಪ್ಪು ಹಕ್ಕಿ, ಬಿದಿರು ಮೆಳೆಯಲ್ಲಿ ಕುಟುಕುವ ಗುಬ್ಬಿಗಿಂತ ಚಿಕ್ಕದು, ಇವೆಲ್ಲಕ್ಕೂ ನಮ್ಮಲ್ಲಿ ಒಂದೇ ಹೆಸರು.

ಘಟ್ಟದ ಮೇಲೆ, ಘಟ್ಟದ ಕೆಳಗೆ, ಬಯಲುಸೀಮೆಗೆ ತಾಗುವ ಮುಂಡಗೋಡ, ಹಳಿಯಾಳದ ಒಣ ಕಾಡು, ಎಲ್ಲ ಸೇರಿಸಿದರೆ ನಮ್ಮ ಜಿಲ್ಲೆಯಲ್ಲಿ ಈ ಕುಟುಂಬದ ಒಂದು ಡಜನ್‌ಗೂ ಹೆಚ್ಚು ಪ್ರಭೇದಗಳಿವೆ. ಜಗತ್ತಿನಲ್ಲಿ ಇರುವುದು 230ಕ್ಕೂ ಹೆಚ್ಚು. ಆಸ್ಟ್ರೇಲಿಯಾ, ನ್ಯೂಗಿನಿ, ನ್ಯೂಜಿಲೆಂಡ್, ಮಡಗಾಸ್ಕರ್‌ಗಳಲ್ಲಿ ಒಂದೂ ಇಲ್ಲ. ಆದರೆ ನನಗೆ ಖುಷಿ ಕೊಡುವುದು ಈ ಲೆಕ್ಕ ಅಲ್ಲ. ಮರಕುಟಿಗಗಳ ವಂಶದಲ್ಲಿ ಎಷ್ಟು ದೊಡ್ಡ ಶಾಖೆಗಳಿವೆಯೋ, ಹೆಚ್ಚುಕಡಿಮೆ ಅಷ್ಟೂ ಶಾಖೆಯ ಒಂದಾದರೂ ಹಕ್ಕಿ ಉತ್ತರ ಕನ್ನಡದಲ್ಲಿ ನೋಡಸಿಗುತ್ತದೆ. ವರ್ಗೀಕರಣ ಅಂದರೇನು ಅಂತ ಕಲಿಯಲು ನಮಗೆ ಮ್ಯೂಸಿಯಂ ಬೇಕಿಲ್ಲ. ಕಾಳಿ ಕಣಿವೆಯಿಂದ ಶಿರಸಿವರೆಗಿನ ಕಾಡು ಸಾಕು.

ಮೊದಲು ಯಾವುದು ಮರಕುಟಿಗ ಅಲ್ಲ ಅನ್ನುವುದನ್ನು ನೋಡಿಬಿಡೋಣ. ನೆತ್ತಿಯ ಮೇಲೆ ಬೀಸಣಿಗೆ ಬಿಚ್ಚುವ, ಉದ್ದ ಬಾಗಿದ ಕೊಕ್ಕಿನ, ಅಂಗಳದ ಹುಲ್ಲಿನಲ್ಲಿ ಕುಟ್ಟುತ್ತಾ ನಡೆಯುವ ಚಂದ್ರಮುಕುಟವನ್ನು ಮರಕುಟಿಗ ಅಂತ ತೋರಿಸುವವರು ಜಾಸ್ತಿ. ಅದು ಮರಕುಟಿಗ ಅಲ್ಲ. ಈಗಿನ ವರ್ಗೀಕರಣದಲ್ಲಿ ಚಂದ್ರಮುಕುಟ ಬರುವುದು ಮಂಗಟ್ಟೆಗಳ ಗಣದಲ್ಲಿ. ದಾಂಡೇಲಿಯ ಆ ಭಾರೀ ಹಾರ್ನ್‌ಬಿಲ್‌ಗೂ ಅಂಗಳದ ಈ ಹಕ್ಕಿಗೂ ಹತ್ತಿರದ ಸಂಬಂಧ! ಇನ್ನೊಂದು, ಮರದ ಕಾಂಡದ ಮೇಲೆ ತಲೆಕೆಳಗಾಗಿ ಸರಸರ ಇಳಿಯುವ ನೇರಳೆ ನೀಲಿ ಬಣ್ಣದ, ಕೆಂಪು ಕೊಕ್ಕಿನ ಚಿಕ್ಕ ಹಕ್ಕಿ. ಇದರ ಹೆಸರು ನಟ್‌ಹ್ಯಾಚ್. ಇದೂ ಕಾಂಡದಲ್ಲೇ ಹುಳ ಹುಡುಕುತ್ತದೆ. ಆದರೆ ಗುಬ್ಬಿ, ಪಿಕಳಾರಗಳು ಸೇರಿದ ಗಣದ ಹಕ್ಕಿ ಇದು. ತಲೆ ಕೆಳಗೆ ಮಾಡಿ ಕಾಂಡ ಇಳಿಯುವ ಹಕ್ಕಿ ಕಂಡರೆ ಅದು ಮರಕುಟಿಗ ಅಲ್ಲ ಅಂತ ಧೈರ್ಯವಾಗಿ ಹೇಳಬಹುದು. ಮರಕುಟಿಗ ತಲೆ ಮೇಲೆ ಮಾಡಿಯೇ ಇರುತ್ತದೆ. ಇಳಿಯಬೇಕಾದರೆ ಹಾಗೆಯೇ ಹಿಂದೆ ಹಿಂದೆ ಜಾರುತ್ತದೆ.

ಹಾಗಾದರೆ ಮರಕುಟಿಗದ ನಿಜವಾದ ನೆಂಟರು ಯಾರು? ಬೇಸಿಗೆಯಲ್ಲಿ ಇಡೀ ದಿನ ‘ಕುಟ್ರೂ ಕುಟ್ರೂ’ ಅಂತ ಕೂಗುವ ಕುಟ್ರು ಹಕ್ಕಿ, ಒಂದೇ ಲಯದಲ್ಲಿ ‘ಟುಕ್ ಟುಕ್’ ಅನ್ನುವ ಕಂಚುಕುಟಿಗ. ಇವು ಹಣ್ಣು ತಿನ್ನುವ ಹಕ್ಕಿಗಳು, ಆದರೂ ಗೂಡಿಗೆ ಒಣ ಕೊಂಬೆಯಲ್ಲಿ ತಾವೇ ತೂತು ಕೊರೆಯುತ್ತವೆ. ಮರಕುಟಿಗ, ಕುಟ್ರು, ದಕ್ಷಿಣ ಅಮೆರಿಕದ ಟೂಕನ್, ಮತ್ತು ಜೇನುಮೇಣ ತಿನ್ನುವ ಹನಿಗೈಡ್ ಎಲ್ಲ ಪಿಸಿಫಾರ್ಮಿಸ್ ಎಂಬ ಒಂದೇ ಗಣದವು. ಇದರಲ್ಲಿ ಮರಕುಟಿಗಕ್ಕೆ ತೀರಾ ಹತ್ತಿರದ್ದು ಹನಿಗೈಡ್. ಅದು ನಮ್ಮ ಕಡೆ ಇಲ್ಲ. ಭಾರತದಲ್ಲಿ ಇರುವ ಒಂದೇ ಪ್ರಭೇದ ಹಿಮಾಲಯದ್ದು.

ವರ್ಗೀಕರಣದ ಮೆಟ್ಟಿಲುಗಳು ಹೀಗೆ. ಗಣದ ಒಳಗೆ ಕುಟುಂಬ, ಕುಟುಂಬದ ಒಳಗೆ ಉಪಕುಟುಂಬ, ಅದರ ಒಳಗೆ ಕುಲ, ಕುಲದ ಒಳಗೆ ಪ್ರಭೇದ. ಮರಕುಟಿಗಗಳ ಕುಟುಂಬದ ಹೆಸರು ಪಿಸಿಡೇ. ವೈಜ್ಞಾನಿಕ ಹೆಸರಿನಲ್ಲಿ ಎರಡು ಪದ ಇರುತ್ತವೆ. ಮೊದಲನೆಯದು ಕುಲದ್ದು, ಎರಡನೆಯದು ಪ್ರಭೇದದ್ದು. ನಮ್ಮಲ್ಲಿ ಮನೆತನದ ಹೆಸರು ಮತ್ತು ಸ್ವಂತ ಹೆಸರು ಇರುವ ಹಾಗೆ. ಒಂದು ಹಕ್ಕಿಯ ಮನೆತನ ತಪ್ಪಾಗಿ ಬರೆದಿದೆ ಅಂತ ಮುಂದೆ ಯಾರಾದರೂ ತೋರಿಸಿದರೆ ಮೊದಲ ಪದ ಬದಲಾಗುತ್ತದೆ, ಎರಡನೆಯದು ಉಳಿಯುತ್ತದೆ. ಮರಕುಟಿಗಗಳ ಕಥೆ ಪೂರ್ತಿ ಇರುವುದೇ ಈ ಮೊದಲ ಪದದ ಬದಲಾವಣೆಯಲ್ಲಿ.

1758ರಲ್ಲಿ ಸ್ವೀಡನ್ನಿನ ನಿಸರ್ಗಶಾಸ್ತ್ರಜ್ಞ ಲಿನಿಯಸ್ ತನಗೆ ಗೊತ್ತಿದ್ದ ಮರಕುಟಿಗಗಳನ್ನೆಲ್ಲ ಪಿಕಸ್ ಎಂಬ ಒಂದೇ ಕುಲದಲ್ಲಿ ಇಟ್ಟ. ನಮ್ಮ ತೋಟದ ಹೊಂಬೆನ್ನಿನ ಮರಕುಟಿಗವೂ ಆಗ ಪಿಕಸ್ ಬೆಂಗಾಲೆನ್ಸಿಸ್. ಆಮೇಲೆ ಬಂದವರು ಕೊಕ್ಕು, ಬಾಲ, ಬೆರಳು, ಬಣ್ಣ ನೋಡಿ ಆ ದೊಡ್ಡ ಗುಂಪನ್ನು ಒಡೆಯುತ್ತಾ ಹೋದರು.

ದೇಹ ನೋಡಿ ಗುಂಪು ಮಾಡುವುದು ಸುಲಭ ಅಂತ ಕಾಣುತ್ತದೆ ಅಲ್ವಾ? ಮರಕುಟಿಗದ ಕಾಲಿನಲ್ಲಿ ಸಾಮಾನ್ಯವಾಗಿ ಎರಡು ಬೆರಳು ಮುಂದೆ, ಎರಡು ಹಿಂದೆ. ಆದರೆ ಗಿಳಿಗೂ ಹಾಗೆಯೇ ಇದೆ, ಕೋಗಿಲೆಗೂ ಹಾಗೆಯೇ ಇದೆ. ಅವು ಇದರ ನೆಂಟರಲ್ಲ. ಆ ಬೆರಳಿನ ಜೋಡಣೆ ಬೇರೆ ಬೇರೆ ವಂಶದಲ್ಲಿ ಬೇರೆಬೇರೆಯಾಗಿಯೇ ಬಂದಿದೆ. ಹಾಗಾಗಿ ಬೆರಳು ಒಂದನ್ನೇ ನಂಬುವ ಹಾಗಿಲ್ಲ.

ಬಾಲ ಇನ್ನೂ ಒಳ್ಳೆಯ ಗುರುತು. ಸೊಪ್ಪಿನ ಬೆಟ್ಟದಲ್ಲಿ ಒಣಗಿ ನಿಂತ ಒಂದು ಮತ್ತಿ ಮರದ ಮೇಲೆ ಹೊಂಬೆನ್ನಿನ ಮರಕುಟಿಗವನ್ನು ಬೈನಾಕ್ಯುಲರ್ ಹಿಡಿದು ನೋಡಿ. ಹಕ್ಕಿ ನೆಗೆದು ನೆಗೆದು ಮೇಲೇರುತ್ತದೆ. ಪ್ರತಿ ನೆಗೆತ ಮುಗಿದ ಕೂಡಲೇ ಬಾಲದ ತುದಿ ತೊಗಟೆಗೆ ಒತ್ತುತ್ತದೆ, ಗರಿಗಳು ಸ್ವಲ್ಪ ಬಾಗುತ್ತವೆ. ಎರಡು ಕಾಲು, ಒಂದು ಬಾಲ, ಮೂರೂ ಊರಿದ ಮೇಲೆಯೇ ಕುಟ್ಟಲು ಶುರು. ನಡುವಿನ ಎರಡು ಗರಿಗಳ ಕಡ್ಡಿ ತುಂಬಾ ಗಟ್ಟಿ. ಗರಿ ಉದುರುವ ಕಾಲದಲ್ಲಿ ಬಾಲದ ಬೇರೆ ಗರಿಗಳು ಮೊದಲು ಉದುರಿ ಹೊಸದು ಬರುತ್ತವೆ. ಅವು ಬಂದ ಮೇಲೆ ಮಾತ್ರ ನಡುವಿನ ಜೋಡಿ ಉದುರುತ್ತದೆ. ಊರುಗೋಲಿಲ್ಲದೆ ಹಕ್ಕಿ ಒಂದು ದಿನವೂ ಇರುವುದಿಲ್ಲ.

ನಾಲಿಗೆಯ ಬಗ್ಗೆ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ನಾಲಿಗೆಗೆ ಆಧಾರವಾದ ಸಪೂರ ಎಲುಬುಗಳು ಗಂಟಲಿನಿಂದ ಹೊರಟು, ತಲೆಬುರುಡೆಯ ಹಿಂಭಾಗ ಸುತ್ತಿ, ನೆತ್ತಿಯ ಮೇಲಿಂದ ಮೂಗಿನ ಹತ್ತಿರದವರೆಗೂ ಬರುತ್ತವೆ. ಅದಕ್ಕೇ ನಾಲಿಗೆ ಕೊಕ್ಕಿನಿಂದ ಅಷ್ಟು ದೂರ ಹೊರಗೆ ಬರುತ್ತದೆ. ತುದಿಯಲ್ಲಿ ಮುಳ್ಳು, ಮೇಲೆ ಅಂಟು ಜೊಲ್ಲು. ಇನ್ನು, ಮರಕುಟಿಗದ ತಲೆಬುರುಡೆ ಪೆಟ್ಟನ್ನು ಹೀರಿಕೊಳ್ಳುತ್ತದೆ ಅಂತ ನಾವೆಲ್ಲ ಓದಿದ್ದೇವೆ. ಹೆಲ್ಮೆಟ್ ಮಾಡುವವರೂ ಅದರಿಂದ ಕಲಿಯಬೇಕು ಅಂತ ಹೇಳಿದ್ದುಂಟು. 2022ರಲ್ಲಿ ವೇಗದ ಕ್ಯಾಮೆರಾದಲ್ಲಿ ಹಿಡಿದು ಅಳೆದಾಗ ಹಾಗಿಲ್ಲ ಅಂತ ಗೊತ್ತಾಯಿತು. ತಲೆಬುರುಡೆ ಗಟ್ಟಿಯಾಗಿ, ಒಂದೇ ತುಂಡಾಗಿ ಹೊಡೆಯುತ್ತದೆ. ಪೆಟ್ಟನ್ನು ಹೀರಿಕೊಂಡರೆ ಮರಕ್ಕೆ ಬೀಳುವ ಬಲವೇ ಕಡಿಮೆಯಾಗುತ್ತಿತ್ತು. ಮಿದುಳು ತೀರಾ ಚಿಕ್ಕದಾದ್ದರಿಂದ ಆ ಪೆಟ್ಟು ಅದಕ್ಕೆ ಅಪಾಯದ ಮಟ್ಟ ಮುಟ್ಟುವುದಿಲ್ಲ.

ಈಗ ಶಾಖೆಗಳಿಗೆ ಬರೋಣ. ಈ ಕುಟುಂಬದಲ್ಲಿ ಮೊಟ್ಟಮೊದಲು ಬೇರೆಯಾದದ್ದು ರೈನೆಕ್‌ಗಳ ಉಪಕುಟುಂಬ. ಜಗತ್ತಿನಲ್ಲಿ ಇರುವುದು ಎರಡೇ ಪ್ರಭೇದ. ಒಂದು ಆಫ್ರಿಕಾದ್ದು. ಇನ್ನೊಂದು ಯುರೋಪ್, ಏಷ್ಯಾದ ಉತ್ತರ ಭಾಗದಲ್ಲಿ ಮರಿ ಮಾಡಿ ಚಳಿಗಾಲಕ್ಕೆ ದಕ್ಷಿಣಕ್ಕೆ ಬರುವುದು. ನಮ್ಮ ಕಡೆಗೂ ಅದೇ ಬರುತ್ತದೆ. ಒಣ ತೊಗಟೆಯ ಬಣ್ಣ, ಮೆತ್ತಗಿನ ಬಾಲ, ಚಿಕ್ಕ ಕೊಕ್ಕು. ಮರ ಕೊರೆಯುವುದಿಲ್ಲ. ಬೇಲಿ ಸಾಲು, ಕುರುಚಲು ಗಿಡಗಳ ಬುಡದಲ್ಲಿ ಇರುವೆ ನೆಕ್ಕುತ್ತಾ ತಿರುಗುತ್ತದೆ. ಗೂಡಿನಲ್ಲಿ ಕೆಣಕಿದರೆ ಕತ್ತನ್ನು ಹಾವು ಹೊರಳುವಂತೆ ತಿರುಚಿ ಬುಸುಗುಡುತ್ತದೆ. ಇದನ್ನು ನೋಡಿದವರು ಮರಕುಟಿಗ ಅಂತ ಒಪ್ಪುವುದೇ ಕಷ್ಟ. ಆದರೆ ನಾಲಿಗೆ ಪಕ್ಕಾ ಮರಕುಟಿಗದ್ದು. ಅಂದರೆ ಈ ವಂಶದಲ್ಲಿ ಉದ್ದ ನಾಲಿಗೆ ಮೊದಲು ಬಂತು, ಗಟ್ಟಿ ಬಾಲ ಆಮೇಲೆ ಬಂತು. ಒಂದು ಹಕ್ಕಿಯ ದೇಹದಿಂದಲೇ ಇಷ್ಟು ಇತಿಹಾಸ ಓದಬಹುದು.

ಎರಡನೇ ಉಪಕುಟುಂಬ ಪಿಕ್ಯುಲೆಟ್‌ಗಳದ್ದು. ನಮ್ಮಲ್ಲಿ ಇರುವುದು ಚುಕ್ಕೆ ಪಿಕ್ಯುಲೆಟ್, ಉದ್ದ ಸುಮಾರು 10 ಸೆಂಟಿಮೀಟರ್. ಹೊಟ್ಟೆಯ ಮೇಲೆ ದಪ್ಪ ಕಪ್ಪು ಚುಕ್ಕೆ, ಮುಖದ ಮೇಲೆ ಎರಡು ಬಿಳಿ ಪಟ್ಟೆ. ಬಿದಿರಿನ ಸಣ್ಣ ಕಡ್ಡಿಗಳಲ್ಲಿ ನೇತಾಡುತ್ತಾ ಕುಟ್ಟುತ್ತದೆ. ಬಾಲ ಮೆತ್ತಗೆ, ಊರುಗೋಲಿನ ಕೆಲಸ ಮಾಡುವುದಿಲ್ಲ. ವಿಚಿತ್ರ ಅಂದರೆ ಇದರ ನೆಂಟರಲ್ಲಿ ಹೆಚ್ಚಿನವು ದಕ್ಷಿಣ ಅಮೆರಿಕದ ಕಾಡಿನಲ್ಲಿವೆ.

ಮೂರನೆಯದು ನಿಜವಾದ ಮರಕುಟಿಗಗಳ ಉಪಕುಟುಂಬ. ಗಟ್ಟಿ ಬಾಲ, ಉಳಿಯ ಕೊಕ್ಕು, ನಾವು ಮರಕುಟಿಗ ಅನ್ನುವುದೆಲ್ಲ ಇಲ್ಲೇ. ಇದರೊಳಗೆ ಬಹಳ ಮುಂಚೆಯೇ ಕವಲೊಡೆದ ಒಂದು ಪುಟ್ಟ ಶಾಖೆ ಇದೆ. ಆ ಶಾಖೆಯಲ್ಲಿ ಇರುವುದು ಹೆಮಿಸರ್ಕಸ್ ಎಂಬ ಒಂದೇ ಕುಲ, ಎರಡೇ ಪ್ರಭೇದ, ಎರಡೂ ಏಷ್ಯಾದವು. ಅದರಲ್ಲಿ ಒಂದು ನಮ್ಮ ಕಾಡಿನ ಹೃದಯಚುಕ್ಕೆ ಮರಕುಟಿಗ.

ಈ ಹಕ್ಕಿಯನ್ನು ಗಣೇಶಗುಡಿ, ಕೈಗಾ, ಶಿರಸಿ–ಸಿದ್ದಾಪುರದ ಕಾನುಗಳಲ್ಲಿ ನೋಡಬಹುದು. ಕಪ್ಪು ಬಿಳಿ ಬಣ್ಣ. ಮಡಚಿದ ರೆಕ್ಕೆಯ ಬಿಳಿ ಭಾಗದ ಮೇಲೆ ಕರಿ ಹೃದಯದ ಆಕಾರದ ಚುಕ್ಕೆಗಳು. ತಲೆ ದೊಡ್ಡದು, ಜುಟ್ಟು ದೊಡ್ಡದು, ಬಾಲ ಇದೆಯೋ ಇಲ್ಲವೋ ಅನ್ನುವಷ್ಟು ಚಿಕ್ಕದು. ಗಂಡಿಗೆ ನೆತ್ತಿಯ ಮುಂಭಾಗ ಕಪ್ಪು, ಹೆಣ್ಣಿಗೆ ಬಿಳಿ. ಮರಕುಟಿಗಗಳಲ್ಲಿ ಸಾಮಾನ್ಯವಾಗಿ ಗಂಡಿನ ತಲೆಯಲ್ಲಿ ಕಾಣುವ ಕೆಂಪು ಇದಕ್ಕೆ ಇಲ್ಲವೇ ಇಲ್ಲ. ಮರದ ತುದಿಯ ತೆಳು ರೆಂಬೆಗಳಲ್ಲಿ ಜೋಡಿಯಾಗಿ ಓಡಾಡುತ್ತದೆ, ಹಾರುವಾಗಲೂ ಕೂಗುತ್ತದೆ. ಜಗತ್ತಿನ ಇನ್ನೆಲ್ಲ ನಿಜ ಮರಕುಟಿಗಗಳಿಗೂ ಸ್ವಲ್ಪ ದೂರದ ದಾಯಾದಿಯಾದ ಹಕ್ಕಿ ನಮ್ಮ ತೋಟದ ಅಂಚಿನ ಮರದಲ್ಲಿ ಕೂತಿರುತ್ತದೆ. ನನಗಂತೂ ಈ ಜಿಲ್ಲೆಯ ಅತಿ ಅಮೂಲ್ಯ ಮರಕುಟಿಗ ಇದೇ.

ಇಲ್ಲಿಯವರೆಗೆ ನೋಡಿದ್ದು ಸುಲಭ. ಕಷ್ಟ ಶುರುವಾಗುವುದು ಹೊಂಬೆನ್ನಿನವುಗಳ ಹತ್ತಿರ ಬಂದಾಗ.

ಉತ್ತರ ಕನ್ನಡದಲ್ಲಿ ಬೆನ್ನು ಚಿನ್ನದ ಬಣ್ಣ, ಗಂಡಿನ ತಲೆಯಲ್ಲಿ ಕೆಂಪು ಜುಟ್ಟು, ಎದೆಯ ಮೇಲೆ ಕಪ್ಪು ಬಿಳಿ ಇರುವ ಮರಕುಟಿಗಗಳು ನಾಲ್ಕು. ಊರಿನ ಹತ್ತಿರ, ಕರಾವಳಿಯ ತೆಂಗಿನ ತೋಟದಲ್ಲಿ ಜಾಸ್ತಿ ಕಾಣುವುದು ಕರಿಸೊಂಟದ್ದು. ಹಕ್ಕಿ ನೋಡುವವರು ಇದನ್ನು ಬ್ಲ್ಯಾಕ್ ರಂಪ್ಡ್ ಫ್ಲೇಮ್‌ಬ್ಯಾಕ್ ಅನ್ನುತ್ತಾರೆ. ಬೆನ್ನಿನ ಕೆಳಗೆ, ಬಾಲದ ಬುಡದಲ್ಲಿ ಕಪ್ಪು. ಗಂಟಲೂ ಕಪ್ಪು, ಅದರಲ್ಲಿ ಬಿಳಿ ಗೆರೆ ಚುಕ್ಕೆ. ಅಂಕೋಲಾ ಕಡೆಯ ತೋಟದವರ ಹತ್ತಿರ ಈ ಹಕ್ಕಿಯ ಮಾತೆತ್ತಿದರೆ, “ಅದು ತೆಂಗಿಗೆ ತೂತು ಮಾಡ್ತದೆ ಮಾರಾಯಾ” ಅನ್ನುವವರೇ ಹೆಚ್ಚು. ಆದರೆ ಅದು ಕುಟ್ಟುತ್ತಿರುವುದು ಒಳಗಿನ ಹುಳಕ್ಕಾಗಿ. ಕೆಂಪು ಮೂತಿ ಹುಳ ಹೊಕ್ಕ ತೆಂಗು ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಟೊಳ್ಳಾಗಿರಬಹುದು. ಹಕ್ಕಿ ಒಂದೇ ಜಾಗಕ್ಕೆ ಪದೇ ಪದೇ ಬರುತ್ತಿದ್ದರೆ ಮರವನ್ನು ಒಮ್ಮೆ ಪರೀಕ್ಷಿಸುವುದು ಒಳ್ಳೆಯದು.

ಎರಡನೆಯದು ಕಾಮನ್ ಫ್ಲೇಮ್‌ಬ್ಯಾಕ್. ಹೆಸರು ಹಾಗಿದ್ದರೂ ಊರಿನ ಹತ್ತಿರ ಕಡಿಮೆ, ತೇವದ ಕಾಡಿನಲ್ಲಿ ಜಾಸ್ತಿ. ಮೂರನೆಯದು ಮಲಬಾರ್ ಫ್ಲೇಮ್‌ಬ್ಯಾಕ್, ಇನ್ನೂ ಸ್ವಲ್ಪ ದೊಡ್ಡದು. ಹಳೆಯ ಪುಸ್ತಕಗಳಲ್ಲಿ ಇದನ್ನು ಗ್ರೇಟರ್ ಫ್ಲೇಮ್‌ಬ್ಯಾಕ್ ಎಂದೇ ಬರೆದಿದೆ. ಈ ಎರಡಕ್ಕೂ ಬಾಲದ ಬುಡ ಕೆಂಪು. ಒಂದೇ ಕಾಡಿನಲ್ಲಿ ಇರುತ್ತವೆ, ದೂರದಿಂದ ನೋಡಿದರೆ ಬೇರೆ ಮಾಡುವುದು ಕಷ್ಟ. ನಾಲ್ಕನೆಯದು ಬಿಳಿಕುತ್ತಿಗೆಯ ಮರಕುಟಿಗ. ಕತ್ತಿನ ಹಿಂಭಾಗದಿಂದ ಬೆನ್ನಿನವರೆಗೆ ಅಗಲವಾದ ಬಿಳಿ. ಒಣ ಕಾಡಿನ ಹಕ್ಕಿ.

ಈಗ ಯಾರ ಕೈಗಾದರೂ ಈ ನಾಲ್ಕರ ಫೋಟೋ ಕೊಟ್ಟು ಜೋಡಿ ಮಾಡಿ ಅಂದರೆ, ಎರಡನೆಯದನ್ನೂ ಮೂರನೆಯದನ್ನೂ ಒಟ್ಟಿಗೆ ಇಡುತ್ತಾರೆ. ನಾನೂ ಇಡುತ್ತಿದ್ದೆ, ನೀವೂ ಇಡುತ್ತೀರಿ. ಸರಿಯಾದ ಜೋಡಿ ಅದಲ್ಲ. ಕರಿಸೊಂಟದ್ದು ಮತ್ತು ಕಾಮನ್ ಫ್ಲೇಮ್‌ಬ್ಯಾಕ್ ಒಂದು ಮನೆತನ, ಕುಲದ ಹೆಸರು ಡೈನೋಪಿಯಂ. ಮಲಬಾರ್ ಮತ್ತು ಬಿಳಿಕುತ್ತಿಗೆಯದು ಇನ್ನೊಂದು ಮನೆತನ, ಕ್ರೈಸೊಕೊಲಾಪ್ಟಿಸ್. ಈ ಎರಡು ಮನೆತನಗಳು ಅಕ್ಕಪಕ್ಕದವೂ ಅಲ್ಲ. ಡೈನೋಪಿಯಂ ಹತ್ತಿರ ಇರುವುದು ಹಸಿರು ಮರಕುಟಿಗಗಳಿಗೆ. ಕ್ರೈಸೊಕೊಲಾಪ್ಟಿಸ್ ಹತ್ತಿರ ಇರುವುದು ಅಮೆರಿಕದ ಕ್ಯಾಂಪೆಫಿಲಸ್ ಎಂಬ ಕುಲಕ್ಕೆ. ದಂತದ ಬಣ್ಣದ ಕೊಕ್ಕಿನಿಂದ ಹೆಸರಾದ, ಈಗ ಬಹುಶಃ ಅಳಿದೇ ಹೋಗಿರುವ ಅಮೆರಿಕದ ಆ ದೊಡ್ಡ ಮರಕುಟಿಗ ಇದೇ ಕುಲದ್ದು. ದಾಂಡೇಲಿಯ ಕಾಡಿನಲ್ಲಿ ಪಕ್ಕಪಕ್ಕದ ಮರದಲ್ಲಿ ಕೂತ ಎರಡು ಹೊಂಬೆನ್ನಿನ ಹಕ್ಕಿಗಳಲ್ಲಿ ಒಂದರ ಸಮೀಪದ ಬಳಗ ಸಮುದ್ರದ ಆಚೆ ಇದೆ.

ಹತ್ತಿರದಿಂದ ನೋಡಿದರೆ ದೇಹವೂ ಇದನ್ನೇ ಹೇಳುತ್ತದೆ. ಬಣ್ಣ ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸಬೇಕು, ಅಷ್ಟೇ. ಕೊಕ್ಕಿನ ಬುಡದಿಂದ ಕತ್ತಿನ ಕಡೆ ಇಳಿಯುವ ಕಪ್ಪು ಗೆರೆಗೆ ಮೀಸೆ ಗೆರೆ ಅನ್ನೋಣ. ಕಾಮನ್ ಫ್ಲೇಮ್‌ಬ್ಯಾಕ್‌ಗೆ ಅದು ಒಂದೇ. ಮಲಬಾರ್‌ಗೆ ಎರಡು, ನಡುವೆ ಬಿಳಿ. ಕಾಮನ್‌ನ ಕತ್ತಿನ ಹಿಂಭಾಗ ಕಪ್ಪು, ಮಲಬಾರ್‌ನದು ಬಿಳಿ. ಕಾಮನ್‌ನ ಕಣ್ಣು ಗಾಢ, ಮಲಬಾರ್‌ನ ಕಣ್ಣು ತಿಳಿ ಹಳದಿ. ಮಲಬಾರ್‌ನ ಕೊಕ್ಕು ಉದ್ದ, ತಲೆಯಷ್ಟೇ ಉದ್ದ ಕಾಣುತ್ತದೆ. ಹೆಣ್ಣು ಹಕ್ಕಿಯ ಕರಿ ನೆತ್ತಿಯಲ್ಲಿ ಕಾಮನ್‌ಗೆ ಬಿಳಿ ಗೀರು, ಮಲಬಾರ್‌ಗೆ ಬಿಳಿ ಚುಕ್ಕೆ.

ಬೆರಳಿನದ್ದು ಇನ್ನೂ ಸ್ವಾರಸ್ಯ. ಮಲಬಾರ್‌ಗೆ ಕಾಲಿಗೆ ನಾಲ್ಕು ಬೆರಳು. ಕಾಮನ್‌ಗೆ ಮೂರೇ, ಹಿಂದಿನ ಹೆಬ್ಬೆರಳು ಇಲ್ಲವೇ ಇಲ್ಲ. ಕರಿಸೊಂಟದ್ದಕ್ಕೆ ಆ ಹೆಬ್ಬೆರಳು ಇದೆ, ಆದರೆ ಕುಗ್ಗಿ ಸಣ್ಣ ತುಂಡಾಗಿ ಉಳಿದಿದೆ. 19ನೇ ಶತಮಾನದ ಪಕ್ಷಿತಜ್ಞರು ಈ ಒಂದು ವ್ಯತ್ಯಾಸಕ್ಕೆ ಎಷ್ಟು ಬೆಲೆ ಕೊಟ್ಟರೆಂದರೆ, ಬೆರಳು ಪೂರ್ತಿ ಇಲ್ಲದ್ದನ್ನು ಟೀಗಾ ಎಂಬ ಕುಲದಲ್ಲಿ, ತುಂಡು ಬೆರಳಿನದನ್ನು ಬ್ರಾಕಿಪ್ಟರ್ನಸ್ ಎಂಬ ಬೇರೆ ಕುಲದಲ್ಲಿ ಇಟ್ಟರು. ಈಗ ನೋಡಿದರೆ ಅದು ಒಂದೇ ಮನೆತನದೊಳಗೆ ಬೆರಳು ಕುಗ್ಗುತ್ತಾ ಹೋಗಿರುವ ಎರಡು ಹಂತ. ಬೇರೆ ಮಾಡಬೇಕಿರಲಿಲ್ಲ.

ಹಾಗಾದರೆ ಬೇರೆ ಬೇರೆ ಮನೆತನದ ಹಕ್ಕಿಗಳು ಇಷ್ಟು ಒಂದೇ ಥರ ಯಾಕೆ? ಸುಮ್ನೆ ಆಕಸ್ಮಿಕವೇ? ಅಲ್ಲ ಅನ್ನುವುದಕ್ಕೆ ಈಗ ಒಳ್ಳೆಯ ಆಧಾರ ಇದೆ. 2019ರಲ್ಲಿ ಪ್ರಪಂಚದ ಮರಕುಟಿಗಗಳ ಬಣ್ಣ, ವಂಶ ಮತ್ತು ವಾಸದ ಜಾಗ ಮೂರನ್ನೂ ಒಟ್ಟಿಗೆ ಹೋಲಿಸಿ ನೋಡಿದ ಒಂದು ಅಧ್ಯಯನ ಬಂತು. ಹಕ್ಕಿಗಳು ಎಲ್ಲೆಲ್ಲಿ ಒಟ್ಟಿಗಿರುತ್ತವೆ ಅನ್ನುವುದಕ್ಕೆ ಸಾಮಾನ್ಯ ಹಕ್ಕಿವೀಕ್ಷಕರು ಇ–ಬರ್ಡ್ ಎಂಬ ಜಾಲತಾಣದಲ್ಲಿ ಹಾಕಿದ ದಾಖಲೆಗಳನ್ನೂ ಬಳಸಿದ್ದರು. ಒಂದೇ ಪ್ರದೇಶದಲ್ಲಿ ಬದುಕುವ ಮರಕುಟಿಗಗಳು, ಹತ್ತಿರದ ಸಂಬಂಧ ಇಲ್ಲದಿದ್ದರೂ, ಒಂದನ್ನೊಂದು ಹೋಲುವುದು ಲೆಕ್ಕಕ್ಕಿಂತ ಜಾಸ್ತಿ ಅಂತ ಅದರಲ್ಲಿ ಕಂಡುಬಂತು. ಒಂದೇ ರೀತಿಯ ಕಾಡು, ಹವೆ ಒಂದೇ ರೀತಿಯ ಬಣ್ಣಕ್ಕೆ ದಾರಿ ಮಾಡಿರುವುದು ಒಂದು ಕಾರಣ. ಅದರಾಚೆಗೂ ಅನುಕರಣೆ ಇದೆ. ಚಿಕ್ಕ ಹಕ್ಕಿ ದೊಡ್ಡದರ ವೇಷದಲ್ಲಿದ್ದರೆ ಬೇರೆ ಹಕ್ಕಿಗಳು ಅದಕ್ಕೂ ಹೆದರಿ ಜಾಗ ಬಿಡುತ್ತವೆ, ಮರದ ಮೇಲಿನ ಮೇವು ಸಿಗುತ್ತದೆ ಅನ್ನುವುದು ಒಂದು ವಿವರಣೆ.

ಬಣ್ಣ ನಂಬಬಾರದು ಅನ್ನುವುದಕ್ಕೆ ಇನ್ನೊಂದು ಸಾಕ್ಷಿ ಆ ದೊಡ್ಡ ಕಪ್ಪು ಹಕ್ಕಿ, ಬಿಳಿಹೊಟ್ಟೆಯ ಮರಕುಟಿಗ. ಹೆಚ್ಚುಕಡಿಮೆ 48 ಸೆಂಟಿಮೀಟರ್ ಉದ್ದ. ಮೈ ಕಪ್ಪು, ಹೊಟ್ಟೆ ಬಿಳಿ, ಗಂಡಿಗೆ ನೆತ್ತಿ ಪೂರ್ತಿ ಕಡುಗೆಂಪು. ಹಳೇ ಮರಗಳು, ಅದರಲ್ಲೂ ಒಣಗಿ ನಿಂತ ದೊಡ್ಡ ಮರಗಳು ಇರುವ ಕಾಡೇ ಇದಕ್ಕೆ ಬೇಕು. ಕಾಳಿ ಕಣಿವೆಯಲ್ಲಿ ಇನ್ನೂ ನೋಡಬಹುದು. ದೊಡ್ಡ ಗಾತ್ರ, ಕಪ್ಪು ಮೈ, ಕೆಂಪು ಜುಟ್ಟು ನೋಡಿ ಇದನ್ನು ಮುಂಚೆ ಅಮೆರಿಕದ ಕ್ಯಾಂಪೆಫಿಲಸ್‌ನ ಹತ್ತಿರದ ಬಂಧು ಅಂತಲೇ ತಿಳಿದಿದ್ದರು. ಡಿಎನ್‌ಎ ಬೇರೆಯೇ ಹೇಳಿತು. ಇದು ಸೇರುವುದು ಹಸಿರು ಮರಕುಟಿಗಗಳೂ ಡೈನೋಪಿಯಂ ಕೂಡ ಇರುವ ಶಾಖೆಗೆ. ಅಮೆರಿಕದ ಆ ಕಪ್ಪು ಹಕ್ಕಿಗೆ ಹತ್ತಿರದ್ದು ನಮ್ಮ ಕಪ್ಪು ಹಕ್ಕಿ ಅಲ್ಲ, ನಮ್ಮ ಹೊಂಬೆನ್ನಿನ ಮಲಬಾರ್ ಫ್ಲೇಮ್‌ಬ್ಯಾಕ್.

ನಮ್ಮ ಜಿಲ್ಲೆಗೆ ಈ ಹೆಸರುಗಳ ಇತಿಹಾಸದಲ್ಲೂ ಒಂದು ಜಾಗ ಇದೆ. ಬ್ರಿಟಿಷರ ಕಾಲದಲ್ಲಿ ಇಲ್ಲಿ ಕಲೆಕ್ಟರ್ ಆಗಿದ್ದ ಜೇಮ್ಸ್ ಡೇವಿಡ್‌ಸನ್ ಹಕ್ಕಿಗಳ ಬಗ್ಗೆ ಅಪಾರ ಆಸಕ್ತಿ ಇದ್ದವರು. ಉತ್ತರ ಕನ್ನಡದ ಹಕ್ಕಿಗಳ ಬಗ್ಗೆ ಅವರ ಬರಹ 1898ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್‌ನಲ್ಲಿ ಬಂತು. ಆ ಕಾಲದ ಮುಖ್ಯ ಆಧಾರ ಬ್ರಿಟಿಷ್ ವಿಜ್ಞಾನಿ ಬ್ಲಾನ್‌ಫರ್ಡ್ ಭಾರತದ ಹಕ್ಕಿಗಳ ಬಗ್ಗೆ 1895ರಲ್ಲಿ ಬರೆದ ಸಂಪುಟ. ಅದರಲ್ಲಿ ಕಪ್ಪು ಮರಕುಟಿಗದ ಹೆಸರು ಥ್ರಿಪೊನಾಕ್ಸ್. ಈಗ ಆ ಹೆಸರು ಯಾರೂ ಬಳಸುವುದಿಲ್ಲ, ಡ್ರೈಯೊಕೋಪಸ್ ಆಗಿದೆ. ಆದರೆ ಅದೇ ಪುಸ್ತಕದ ಬೇರೆ ಕೆಲವು ಹೆಸರುಗಳು ನೂರು ವರ್ಷ ಮೂಲೆಗೆ ಬಿದ್ದು ಮತ್ತೆ ಎದ್ದು ಬಂದಿವೆ.

ಕೆಂಪು ಕಂದು ಬಣ್ಣದ ಮರಕುಟಿಗವನ್ನೇ ತೆಗೆದುಕೊಳ್ಳಿ. ಅದನ್ನು ಆಗ ಮೈಕ್ರೊಪ್ಟರ್ನಸ್ ಅಂದಿದ್ದರು. 20ನೇ ಶತಮಾನದಲ್ಲಿ ಅದನ್ನು ದಕ್ಷಿಣ ಅಮೆರಿಕದ ಸೀಲಿಯಸ್ ಕುಲಕ್ಕೆ ಸೇರಿಸಿದರು. ಕಾರಣ ಅದೇ: ಕಂದು ಬಣ್ಣ, ಅಡ್ಡ ಪಟ್ಟೆ, ಇರುವೆ ತಿನ್ನುವ ಅಭ್ಯಾಸ ಎರಡು ಕಡೆಯೂ ಒಂದೇ. 2006ರಲ್ಲಿ ಡಿಎನ್‌ಎ ಹೋಲಿಸಿ ನೋಡಿದಾಗ ಅಮೆರಿಕದ ಆ ಗುಂಪಿಗೂ ಇದಕ್ಕೂ ಹತ್ತಿರದ ನಂಟಿಲ್ಲ, ಆಗ್ನೇಯ ಏಷ್ಯಾದ ಮೈಗ್ಲಿಪ್ಟಿಸ್ ಕುಲವೇ ಇದರ ಹತ್ತಿರದ ಬಂಧು ಅಂತ ಗೊತ್ತಾಯಿತು. ಮೈಕ್ರೊಪ್ಟರ್ನಸ್ ಎಂಬ ಹಳೆ ಹೆಸರು ವಾಪಸ್ ಬಂತು.

ಈ ಹಕ್ಕಿಯ ಗೂಡು ನೋಡಿದವರು ಮರೆಯುವುದಿಲ್ಲ. ಮರದ ಕೊಂಬೆಗೆ ಅಂಟಿಕೊಂಡ ಕರಿ ಉಂಡೆಯಂಥ ಇರುವೆ ಗೂಡು ನಮ್ಮ ಬೆಟ್ಟಗಳಲ್ಲಿ ಬೇಕಾದಷ್ಟಿವೆ. ಎಲೆ ಹೊಲಿಯುವ ಚಗಳಿ ಅಲ್ಲ, ಹೊಟ್ಟೆಯನ್ನು ಬೆನ್ನ ಮೇಲಕ್ಕೆ ಎತ್ತಿ ಓಡುವ ಸಣ್ಣ ಇರುವೆ. ಮರದ ಚೂರು, ನಾರು ಅಗಿದು ಆ ಉಂಡೆ ಕಟ್ಟುತ್ತವೆ. ಕೆಂಪು ಕಂದು ಮರಕುಟಿಗ ಅದೇ ಉಂಡೆಯಲ್ಲಿ ತೂತು ಕೊರೆದು ಒಳಗೆ ಮೊಟ್ಟೆ ಇಡುತ್ತದೆ. ಇರುವೆಗಳು ಗೂಡು ಬಿಟ್ಟು ಹೋಗಿರುವುದಿಲ್ಲ, ಸುತ್ತಮುತ್ತ ಹರಿದಾಡುತ್ತಲೇ ಇರುತ್ತವೆ. ಹಕ್ಕಿ ಬೇರೆ ಸಮಯದಲ್ಲಿ ತಿನ್ನುವುದು ಇದೇ ಇರುವೆ ಮತ್ತು ಅದರ ಮರಿಗಳನ್ನು. ಹಕ್ಕಿಯ ಬಾಲದ ಗರಿಗಳಲ್ಲಿ ಕಚ್ಚಿಕೊಂಡೇ ಸತ್ತ ಇರುವೆಗಳ ತಲೆ ಅಂಟಿರುವುದನ್ನು ಹಳಬರು ದಾಖಲಿಸಿದ್ದಾರೆ.

ಕಂದು ನೆತ್ತಿಯ ಕುಬ್ಜ ಮರಕುಟಿಗದ್ದೂ ಹಳದಿ ನೆತ್ತಿಯ ಮರಾಠಾ ಮರಕುಟಿಗದ್ದೂ ಇದೇ ಕಥೆ. ಕುಬ್ಜ ಮರಕುಟಿಗ 13 ಸೆಂಟಿಮೀಟರ್ ಉದ್ದ, ತೋಟದಲ್ಲೂ ಬರುತ್ತದೆ. ಮರಾಠಾ ಮರಕುಟಿಗ ಒಣ, ತೆರೆದ ಕಾಡಿನದು. ಎರಡಕ್ಕೂ ಕಪ್ಪು ಬಿಳಿ ಚುಕ್ಕೆಯ ಬೆನ್ನು. ಅಷ್ಟಕ್ಕೇ ಬಹಳ ಕಾಲ ಇವನ್ನು ಯುರೋಪಿನ ಚುಕ್ಕೆ ಮರಕುಟಿಗಗಳ ಜೊತೆ ಡೆಂಡ್ರೊಕೊಪಸ್ ಕುಲದಲ್ಲಿ ಇಟ್ಟಿದ್ದರು. 2015ರಲ್ಲಿ ಆ ದೊಡ್ಡ ಗುಂಪಿನ ಡಿಎನ್‌ಎ ಬಿಡಿಸಿ ನೋಡಿದಾಗ ಅದು ಒಂದು ಮನೆಯ ಗುಂಪೇ ಅಲ್ಲ ಅನ್ನುವುದು ಖಚಿತವಾಯಿತು. ಈಗ ಒಂದು ಯುಂಗಿಪಿಕಸ್, ಇನ್ನೊಂದು ಲಿಯೊಪಿಕಸ್. ಕಾಗುಣಿತ ಸ್ವಲ್ಪ ಬದಲಾಗಿದೆ, ಆದರೆ ಎರಡೂ ಬ್ಲಾನ್‌ಫರ್ಡ್ ಪುಸ್ತಕದಲ್ಲಿ ಇದ್ದ ಕುಲಗಳೇ.

ಹಳಬರು ಡಿಎನ್‌ಎ ಇಲ್ಲದೆ ಹೇಗೆ ಸರಿಯಾಗಿ ಗುರುತಿಸಿದರು? ಸಣ್ಣ ಸಣ್ಣ ವ್ಯತ್ಯಾಸಕ್ಕೂ ಬೆಲೆ ಕೊಟ್ಟು ಕುಲಗಳನ್ನು ಬೇರೆ ಬೇರೆ ಇಟ್ಟಿದ್ದರು. ಅದರಿಂದ ಟೀಗಾ, ಬ್ರಾಕಿಪ್ಟರ್ನಸ್ ವಿಷಯದಲ್ಲಿ ತಪ್ಪಾಯಿತು, ಇವುಗಳ ವಿಷಯದಲ್ಲಿ ಸರಿಯಾಯಿತು. ಮಧ್ಯದ ತಲೆಮಾರಿನವರು ಹೆಸರು ಕಡಿಮೆ ಮಾಡಲು ಹೋಲುವುದನ್ನೆಲ್ಲ ಒಂದುಗೂಡಿಸಿದರು. ಈಗ ಮತ್ತೆ ಬಿಡಿಸುವ ಕೆಲಸ ನಡೆದಿದೆ.

ಹಸಿರು ಮರಕುಟಿಗಗಳಲ್ಲಿ ಗೊಂದಲ ಕಡಿಮೆ. ಹಳದಿ ಜುಟ್ಟಿನ ಚಿಕ್ಕ ಹಸಿರು ಮರಕುಟಿಗ ಕಾಡಿನೊಳಗೆ ಬೇರೆ ಹಕ್ಕಿಗಳ ಹಿಂಡಿನ ಜೊತೆ ತಿರುಗುತ್ತದೆ. ಗಂಟಲಿನಲ್ಲಿ ಗೆರೆ ಇರುವ ಇನ್ನೊಂದು ಹಸಿರು ಮರಕುಟಿಗ ಜಾಸ್ತಿ ಹೊತ್ತು ನೆಲದ ಮೇಲೇ ಇರುತ್ತದೆ, ಇರುವೆ ಗೆದ್ದಲು ಹುಡುಕುತ್ತದೆ. ಮರಕುಟಿಗ ನೆಲದಲ್ಲಿ ಕಂಡರೆ ಆಶ್ಚರ್ಯಪಡಬೇಕಿಲ್ಲ.

ಕುಲದ ಗಡಿಗಿಂತ ಪ್ರಭೇದದ ಗಡಿ ಎಳೆಯುವುದು ಕೆಲವೊಮ್ಮೆ ಕಷ್ಟ. ಮಲಬಾರ್ ಫ್ಲೇಮ್‌ಬ್ಯಾಕ್ ಇದಕ್ಕೆ ಒಳ್ಳೆ ಉದಾಹರಣೆ. ಒಂದು ಕಾಲದಲ್ಲಿ ಭಾರತದಿಂದ ಫಿಲಿಪೀನ್ಸ್‌ವರೆಗಿನ ಈ ಥರದ ಹಕ್ಕಿಗಳೆಲ್ಲ ಒಂದೇ ಪ್ರಭೇದ ಅಂತ ಲೆಕ್ಕ. ಫಿಲಿಪೀನ್ಸ್‌ನವು ನೋಡಲು ಎಷ್ಟೋ ಬೇರೆ, ಶ್ರೀಲಂಕಾದ್ದು ಬೆನ್ನೇ ಕಡುಗೆಂಪು. ಆದರೂ ಒಂದೇ ಹೆಸರು. ಆಮೇಲೆ ಬಣ್ಣ, ಅಳತೆ, ಕೂಗು ಎಲ್ಲ ಹೋಲಿಸಿ ಅದನ್ನು ಹಲವು ಪ್ರಭೇದಗಳಾಗಿ ಒಡೆದರು. ಕೊನೆಗೆ ಪಶ್ಚಿಮ ಘಟ್ಟದ್ದೂ ಬೇರೆಯಾಗಿ ಕ್ರೈಸೊಕೊಲಾಪ್ಟಿಸ್ ಸೋಶಿಯಾಲಿಸ್ ಆಯಿತು. ಆ ಹೆಸರನ್ನು 1939ರಲ್ಲೇ ಅಮೆರಿಕದ ಸಂಗ್ರಾಹಕ ವಾಲ್ಟರ್ ಕೋಲ್ಜ್ ಒಂದು ಉಪಪ್ರಭೇದಕ್ಕೆ ಕೊಟ್ಟಿದ್ದರು.

ಇಂಥ ವಿಷಯದಲ್ಲಿ ಎಲ್ಲ ಪಟ್ಟಿಗಳೂ ಒಂದೇ ಹೊತ್ತಿಗೆ ಒಪ್ಪುವುದಿಲ್ಲ. ಹಕ್ಕಿಗಳ ಜಾಗತಿಕ ಪಟ್ಟಿ ಬಹಳ ವರ್ಷ ಮೂರು ನಾಲ್ಕು ಇದ್ದವು. ಒಂದರಲ್ಲಿ ಒಡೆದದ್ದು ಇನ್ನೊಂದರಲ್ಲಿ ಒಂದೇ ಆಗಿರುತ್ತಿತ್ತು. 2025ರಲ್ಲಿ ಏವಿಲಿಸ್ಟ್ ಎಂಬ ಒಂದೇ ಪಟ್ಟಿ ಹೊರಬಂದಿದೆ, ಬೇರೆ ಪಟ್ಟಿಗಳು ಅದಕ್ಕೆ ಹೊಂದಿಕೊಳ್ಳುತ್ತಿವೆ. ಹಾಗಾಗಿ ಮನೆಯಲ್ಲಿರುವ ಹಳೆ ಹಕ್ಕಿ ಪುಸ್ತಕದ ಹೆಸರಿಗೂ ಮೊಬೈಲ್ ಆ್ಯಪ್‌ನ ಹೆಸರಿಗೂ ತಾಳೆಯಾಗದಿದ್ದರೆ ಗಾಬರಿ ಬೇಡ. ಎರಡನೇ ಪದ ನೋಡಿ. ಬಹಳ ಸಲ ಅದು ಒಂದೇ ಇರುತ್ತದೆ. ಪ್ರಭೇದವನ್ನೇ ಒಡೆದಿದ್ದರೆ ಮಾತ್ರ ಅದೂ ಬದಲಾಗಿರುತ್ತದೆ.

ಹೊಂಬೆನ್ನಿನ ಹಕ್ಕಿ ಕಂಡಾಗ ಫೋಟೋ ತೆಗೆಯುವವರಿಗೆ ನನ್ನದೊಂದು ಬೇಡಿಕೆ. ಜುಟ್ಟು, ಬೆನ್ನು ಚೆಂದ ಕಂಡರೆ ಸಾಕು ಅಂತ ಬಿಡಬೇಡಿ. ಕೆನ್ನೆಯ ಮೀಸೆ ಗೆರೆ, ಕತ್ತಿನ ಹಿಂಭಾಗ, ಬಾಲದ ಬುಡ ಕಾಣುವಂತೆ ಒಂದೊಂದು ಫೋಟೋ ತೆಗೆಯಿರಿ. ಸಿಕ್ಕರೆ ಕಾಲಿನದ್ದೂ ಒಂದು. ಇ–ಬರ್ಡ್‌ನಲ್ಲಿ ಹಾಕುವಾಗ ತಾಲೂಕಿನ ಹೆಸರಷ್ಟೇ ಬರೆಯದೆ ನಿಂತ ಜಾಗವನ್ನೇ ಗುರುತು ಮಾಡಿ. ಕಾಮನ್ ಮತ್ತು ಮಲಬಾರ್ ಫ್ಲೇಮ್‌ಬ್ಯಾಕ್ ಎರಡೂ ಒಂದೇ ಬೆಟ್ಟದಲ್ಲಿ ಇದ್ದರೆ, ಯಾವುದು ಯಾವ ಮರದಲ್ಲಿ, ಎಷ್ಟು ಎತ್ತರದಲ್ಲಿ ಮೇಯುತ್ತಿತ್ತು, ಒಂದು ಬಂದಾಗ ಇನ್ನೊಂದು ಜಾಗ ಬಿಟ್ಟಿತೋ ಅನ್ನುವುದನ್ನೂ ಟಿಪ್ಪಣಿಯಲ್ಲಿ ಸೇರಿಸಿ. ಒಂದೇ ವೇಷದ ಈ ಎರಡು ಮನೆತನಗಳು ಒಂದೇ ಕಾಡನ್ನು ಹೇಗೆ ಹಂಚಿಕೊಂಡಿವೆ ಅನ್ನುವುದು ಅಂಥ ಟಿಪ್ಪಣಿಗಳಿಂದಲೇ ತಿಳಿಯಬೇಕು.